ಪಾಮೆಲ್ ಹಾರ್ಸ್‌ನಲ್ಲಿ ಪದಕ ಎಲ್ಲಿ ತಪ್ಪುತ್ತದೆ?

2024ರ ಆಗಸ್ಟ್ 3ರಂದು ಪ್ಯಾರಿಸ್‌ನ ಬೆರ್ಸಿ ಅರೆನಾದಲ್ಲಿ ಒಲಿಂಪಿಕ್ಸ್‌ನ ಪುರುಷರ ಜಿಮ್ನಾಸ್ಟಿಕ್ಸ್ ವಿಭಾಗದ ಪಾಮೆಲ್ ಹಾರ್ಸ್ (ಎರಡು ಹಿಡಿಗಳಿರುವ, ಕುದುರೆ ಎಂದು ಕರೆಯುವ ಉಪಕರಣ) ಫೈನಲ್ ನಡೆಯಿತು. ಅಂದಿನ ಅತಿ ಕಠಿಣ ಪ್ರದರ್ಶನಗಳಲ್ಲಿ ಒಂದು ಬ್ರಿಟನ್ನಿನ ಮ್ಯಾಕ್ಸ್ ವಿಟ್ಲಾಕ್ ಅವರದು. ಕಠಿಣತೆಗೆ ಅವರಿಗೆ ಸಿಕ್ಕ ಅಂಕ 6.9. ಐರ್ಲೆಂಡಿನ ರೀಸ್ ಮೆಕ್ಲೆನಘನ್ ಅವರದು 6.6 ಮಾತ್ರ. ಆದರೂ ಚಿನ್ನ ಗೆದ್ದವರು ಮೆಕ್ಲೆನಘನ್, ಒಟ್ಟು 15.533 ಅಂಕದೊಂದಿಗೆ. ವಿಟ್ಲಾಕ್ 15.200 ಪಡೆದು ನಾಲ್ಕನೆಯವರಾಗಿ ಉಳಿದರು. ರಿಯೋ ಮತ್ತು ಟೋಕಿಯೋ ಎರಡರಲ್ಲೂ ಇದೇ ಸ್ಪರ್ಧೆಯ ಚಿನ್ನ ಗೆದ್ದಿದ್ದವರು ಅವರು. ಅಂದು ಅವರು ಕುದುರೆಯಿಂದ ಬೀಳಲಿಲ್ಲ. ಟಿವಿಯಲ್ಲಿ ನೋಡಿದವರಿಗೆ ಇಬ್ಬರ ಕಾಲುಗಳೂ ಒಂದೇ ವೇಗದಲ್ಲಿ ಗಿರಗಿರನೆ ಸುತ್ತಿದಂತೆ ಕಂಡಿರುತ್ತದೆ. ಹಾಗಿದ್ದರೆ ಇಬ್ಬರ ನಡುವಿನ 0.333 ಅಂಕ ಎಲ್ಲಿ ಹೋಯಿತು?

ಪುರುಷರ ಜಿಮ್ನಾಸ್ಟಿಕ್ಸ್‌ನ ಆರು ಉಪಕರಣಗಳಲ್ಲಿ ನೋಡುಗರಿಗೆ ಬೇಗ ಅರ್ಥವಾಗದ್ದು ಇದೊಂದೇ ಎನ್ನಬಹುದು. ವಾಲ್ಟ್‌ನಲ್ಲಿ ಎತ್ತರ ಕಾಣುತ್ತದೆ. ರಿಂಗ್ಸ್‌ನಲ್ಲಿ ತೋಳಿನ ಬಲ ಕಾಣುತ್ತದೆ. ಹೈ ಬಾರ್‌ನಲ್ಲಿ ಕೈಬಿಟ್ಟು ಹಾರಿ ಮತ್ತೆ ಹಿಡಿದಾಗ ಉಸಿರು ಬಿಗಿಹಿಡಿಯುತ್ತೇವೆ. ಪಾಮೆಲ್ ಹಾರ್ಸ್‌ನಲ್ಲಿ ಅಂಥ ಒಂದು ದೊಡ್ಡ ಕ್ಷಣ ಇಲ್ಲ. ಮುಕ್ಕಾಲು ನಿಮಿಷದ ಆಸುಪಾಸು ಎಲ್ಲೂ ನಿಲ್ಲದೆ, ಕೈ ಬದಲಿಸುತ್ತಾ ಸುತ್ತಬೇಕು. ಅದರ ಕಷ್ಟವೆಲ್ಲ ಆ ಕೈ ಬದಲಾವಣೆಯಲ್ಲೇ ಇದೆ. ಅದು ಒಮ್ಮೆ ತಿಳಿದರೆ ಅಂಕಪಟ್ಟಿಯೂ ತಿಳಿಯುತ್ತದೆ.

ಕುದುರೆಯ ಅಳತೆ

ಹೆಸರು ಬಂದದ್ದು ನಿಜವಾದ ಕುದುರೆಯಿಂದಲೇ. ಸವಾರರು ಹತ್ತಿಳಿಯುವುದನ್ನು ಕಲಿಯಲು ಬಳಸುತ್ತಿದ್ದ ಮರದ ಕುದುರೆ ಇದರ ಮೂಲ. ಪಾಮೆಲ್ ಎಂದರೆ ಜೀನಿನ ಮುಂಭಾಗದ ಉಬ್ಬು. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲೇ ಇದು ಸ್ಪರ್ಧೆಯಾಗಿತ್ತು. ಸ್ವಿಟ್ಜರ್ಲೆಂಡಿನ ಲೂಯಿ ಜುಟರ್ ಗೆದ್ದಿದ್ದರು.

ಇಂದಿನ ಕುದುರೆಯ ಮೇಲ್ಭಾಗ 160 ಸೆಂಟಿಮೀಟರ್ ಉದ್ದ, 35 ಸೆಂಟಿಮೀಟರ್ ಅಗಲ. ನೆಲದಿಂದ ಎತ್ತರ 115 ಸೆಂಟಿಮೀಟರ್. ಮೆತ್ತೆಯ ಮೇಲೆ ಚರ್ಮದ ಹೊದಿಕೆ. ನಡುವೆ 12 ಸೆಂಟಿಮೀಟರ್ ಎತ್ತರದ ಎರಡು ಕಮಾನಿನಾಕಾರದ ಹಿಡಿಗಳು. ಹಿಂದೆ ಇವು ಮರದವು, ಈಗ ಪ್ಲಾಸ್ಟಿಕ್‌ನವು. ಎರಡು ಹಿಡಿಗಳ ನಡುವಿನ ಅಂತರವನ್ನು 40ರಿಂದ 45 ಸೆಂಟಿಮೀಟರ್ ಒಳಗೆ ಆಟಗಾರ ತನ್ನ ಭುಜದ ಅಗಲಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಹೀಗೆ ಕುದುರೆಗೆ ಮೂರು ಭಾಗಗಳು: ಹಿಡಿಗಳ ನಡುವಿನ ಜೀನು, ಆಚೀಚೆ ಎರಡು ತುದಿಗಳು. ಪ್ರದರ್ಶನದಲ್ಲಿ ಮೂರೂ ಭಾಗ ಬಳಕೆಯಾಗಲೇಬೇಕು.

35 ಸೆಂಟಿಮೀಟರ್ ಎಂದರೆ ಎಷ್ಟು ಎಂದು ನೋಡಬೇಕಿದ್ದರೆ ಒಂದು ಅಡಿಯ ಸ್ಕೇಲ್ ಮೇಜಿನ ಮೇಲಿಟ್ಟು, ಅದಕ್ಕೆ ಎರಡು ಬೆರಳಿನಷ್ಟು ಅಗಲ ಸೇರಿಸಿ. ಬೆಳೆದ ಗಂಡಸಿನ ಎರಡು ಅಂಗೈಗಳು ಅಕ್ಕಪಕ್ಕ ಇಟ್ಟರೆ ಉಳಿಯುವ ಜಾಗ ಅಷ್ಟರಲ್ಲೇ. ಅದರ ಮೇಲೆ ಮೈಯೆಲ್ಲ ತೂಗಬೇಕು.

ಎಲ್ಲದರ ತಾಯಿ: ಸರ್ಕಲ್

ಎರಡೂ ಕಾಲುಗಳನ್ನು ಜೋಡಿಸಿ, ಮೈ ನೆಟ್ಟಗಿಟ್ಟು, ಕುದುರೆಯ ಸುತ್ತ ಪೂರ್ತಿ ಒಂದು ಸುತ್ತು ಹಾಕುವುದೇ ಸರ್ಕಲ್. ಹಿಡಿದ ಜಾಗದಲ್ಲೇ ಹಾಕುವ ಸರಳ ಸರ್ಕಲ್‌ಗೆ ಅಂಕಪಟ್ಟಿಯಲ್ಲಿ ಅತಿ ಕಡಿಮೆ ಬೆಲೆ. ಆದರೆ ಉಳಿದ ಚಲನೆಗಳಲ್ಲಿ ಹೆಚ್ಚಿನವು ಇದೇ ಸರ್ಕಲ್‌ನ ಮೇಲೆ ಕಟ್ಟಿದವು. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಆಟಗಾರ ಎರಡು ಹಿಡಿಗಳ ಮೇಲೆ ಕೈಯೂರಿದ್ದಾನೆ, ಹೊಟ್ಟೆ ಕುದುರೆಯ ಕಡೆಗಿದೆ, ಕಾಲುಗಳು ಹಿಂದಿವೆ. ಕಾಲುಗಳು ಬಲಕ್ಕೆ ಬೀಸುತ್ತವೆ. ಅವು ಬಲತುದಿಯ ಮೇಲೆ ಹಾದುಹೋಗಲು ದಾರಿ ಬೇಕು, ಆದ್ದರಿಂದ ಬಲಗೈ ಹಿಡಿ ಬಿಡುತ್ತದೆ. ಆ ಗಳಿಗೆಯಲ್ಲಿ ಇಡೀ ಭಾರ ಎಡಗೈ ಮೇಲೆ. ಕಾಲುಗಳು ಮುಂದೆ ಬಂದಾಗ ಬಲಗೈ ಮತ್ತೆ ಹಿಡಿಗೆ ಬರುತ್ತದೆ. ಈಗ ಕುದುರೆ ಆಟಗಾರನ ಬೆನ್ನ ಕಡೆಗಿದೆ. ಮುಂದೆ ಕಾಲುಗಳು ಎಡಕ್ಕೆ, ಎಡಗೈ ಮೇಲಕ್ಕೆ, ಭಾರ ಬಲಗೈಗೆ. ಮತ್ತೆ ಮೊದಲಿನ ಜಾಗ. ಇಷ್ಟೆಲ್ಲ ಮುಗಿಯಲು ಹಿಡಿಯುವ ಸಮಯ ಹೆಚ್ಚು ಕಡಿಮೆ ಒಂದು ಸೆಕೆಂಡು. ಮುಖ ಮಾತ್ರ ಇಡೀ ಹೊತ್ತು ಒಂದೇ ದಿಕ್ಕಿಗೆ ಇರುತ್ತದೆ. ಅವನು ಬುಗುರಿಯ ಹಾಗೆ ತನ್ನ ಸುತ್ತ ತಾನು ತಿರುಗುತ್ತಿಲ್ಲ.

ಒರಳಿನಲ್ಲಿ ಗುಂಡುಕಲ್ಲು ತಿರುಗುವುದನ್ನು ಕಂಡವರಿಗೆ ಮುಂದಿನ ಮಾತು ಸುಲಭ. ಗುಂಡಿನ ತಲೆ ಒಂದು ಕಡೆ ವಾಲಿದಾಗ ಬುಡ ಎದುರು ಕಡೆಗೆ ಒತ್ತುತ್ತದೆ. ಸರ್ಕಲ್‌ನಲ್ಲೂ ಹಾಗೆಯೇ: ಕಾಲು ಬಲಕ್ಕೆ ಹೋದರೆ ಭುಜ ಎಡಕ್ಕೆ ವಾಲಬೇಕು, ಕಾಲು ಮುಂದೆ ಬಂದರೆ ಭುಜ ಹಿಂದಕ್ಕೆ, ಕಾಲು ಹಿಂದೆ ಹೋದರೆ ಭುಜ ಮುಂದಕ್ಕೆ. ಊರಿದ ಕೈಯ ಆಚೆಗೊಂದು ಭಾರ, ಈಚೆಗೊಂದು ಭಾರ, ತಕ್ಕಡಿ ಸಮ ಇರಬೇಕು. ಕಾಲುಗಳು ದೊಡ್ಡ ವೃತ್ತ ಬರೆದರೆ ಭುಜಗಳು ಅದಕ್ಕೆ ಎದುರಾಗಿ ಚಿಕ್ಕ ವೃತ್ತ ಬರೆಯುತ್ತವೆ. ನೋಡುಗರ ಕಣ್ಣು ದೊಡ್ಡ ವೃತ್ತದ ಮೇಲೆ. ತರಬೇತುದಾರರ ಕಣ್ಣು ಚಿಕ್ಕ ವೃತ್ತದ ಮೇಲೆ.

ಈ ಸುತ್ತಿನ ಅತಿ ಕಷ್ಟದ ಭಾಗ ಕಾಲುಗಳು ಮುಂದೆ ಇರುವಾಗಿನದು. ಎರಡು ಕೈಗಳೂ ಬೆನ್ನ ಹಿಂದೆ ಊರಿವೆ, ಭುಜದ ಕೀಲು ಹಿಂದಕ್ಕೆ ಅಷ್ಟು ಸರಾಗವಾಗಿ ಬಾಗುವುದಿಲ್ಲ, ಸೊಂಟ ಕೆಳಗೆ ಜೋತುಬೀಳಲು ಕಾಯುತ್ತಿರುತ್ತದೆ. ಸೊಂಟವನ್ನು ಎತ್ತಿ ಮುಂದಕ್ಕೆ ಚಾಚದಿದ್ದರೆ ಮೈ ನಡುವಿನಲ್ಲಿ ಮಡಚಿಕೊಳ್ಳುತ್ತದೆ. ಒಳ್ಳೆಯ ಸರ್ಕಲ್ ಮತ್ತು ಸಾಧಾರಣ ಸರ್ಕಲ್ ನಡುವಿನ ವ್ಯತ್ಯಾಸ ಮೊದಲು ಕಾಣುವುದೇ ಇಲ್ಲಿ. ಚೆನ್ನಾಗಿ ಕಲಿತವರು ಬಿಟ್ಟ ಕೈಯನ್ನು ತಟ್ಟನೆ ಮರಳಿ ಊರುತ್ತಾರೆ. ಕೈ ಎಷ್ಟು ಬೇಗ ಬಂದರೆ ಎರಡು ಕೈಗಳ ಮೇಲೆ ಇರುವ ಸಮಯ ಅಷ್ಟು ಹೆಚ್ಚು, ಸುತ್ತಿಗೆ ಹೊಸ ವೇಗ ಕೊಡಲು ಅವಕಾಶ ಅಷ್ಟು ಹೆಚ್ಚು. ಒಂದೇ ಕೈಯ ಮೇಲೆ ಇರುವಾಗ ವೇಗ ಸೇರಿಸುವುದು ಬಹಳ ಕಷ್ಟ.

ಸರ್ಕಲ್ ಮೇಲೆ ಕಟ್ಟಿದ ಮನೆ

ಸುತ್ತುತ್ತಲೇ ಕುದುರೆಯ ಒಂದು ತುದಿಯಿಂದ ಇನ್ನೊಂದಕ್ಕೆ ಸಾಗುವುದನ್ನು ಟ್ರಾವೆಲ್ ಎನ್ನುತ್ತಾರೆ. ಇದರಲ್ಲಿ ಎಲ್ಲರಿಗೂ ಗೊತ್ತಿರಬೇಕಾದ ಹೆಸರು ಮಗ್ಯಾರ್. ಹಂಗೆರಿಯ ಜೋಲ್ತಾನ್ ಮಗ್ಯಾರ್ 1976 ಮತ್ತು 1980ರ ಒಲಿಂಪಿಕ್ಸ್‌ಗಳಲ್ಲಿ ಈ ಉಪಕರಣದ ಚಿನ್ನ ಗೆದ್ದವರು. ಅವರಿಗಿಂತ ಹಿಂದಿನವರು ಹೆಚ್ಚಾಗಿ ಕುದುರೆಗೆ ಅಡ್ಡಲಾಗಿ ನಿಂತು, ಹಿಡಿಗಳ ಆಸರೆಯಲ್ಲಿ ಸುತ್ತುತ್ತಿದ್ದರು. ಮಗ್ಯಾರ್ ಕುದುರೆಯ ಉದ್ದಕ್ಕೆ ಮುಖಮಾಡಿ, ಚರ್ಮದ ತುದಿಯಿಂದ ಹೊರಟು, ಎರಡು ಹಿಡಿಗಳನ್ನು ದಾಟಿ, ಆಚೆ ತುದಿಗೆ ಸರ್ಕಲ್ ಹಾಕುತ್ತಾ ಮುನ್ನಡೆದರು. ಅದೇ ಹಾದಿಯನ್ನು ಹಿಮ್ಮುಖವಾಗಿ ಸಾಗಿದರೆ ಅದು ಸಿವಾಡೊ. ಮುಂದೆ ಹೋಗುವಾಗ ಕೈ ಎಲ್ಲಿ ಊರಬೇಕು ಎಂಬುದು ಕಣ್ಣಿಗೆ ಕಾಣುತ್ತದೆ. ಹಿಂದೆ ಹೋಗುವಾಗ ಹಿಡಿ ಬೆನ್ನ ಹಿಂದಿರುತ್ತದೆ, ಕೈಗೆ ಅದರ ಜಾಗ ಬಾಯಿಪಾಠ ಆಗಿರಬೇಕು. ಎತ್ತರದ ಏರಿಳಿತವೂ ಇದೆ: ಚರ್ಮದಿಂದ ಹಿಡಿಗೆ ಏರುವಾಗ ಒಂದು ಕೈ 12 ಸೆಂಟಿಮೀಟರ್ ಮೇಲೆ, ಇನ್ನೊಂದು ಕೆಳಗೆ. ಅಂಥ ಓರೆ ನೆಲೆಯಲ್ಲೂ ಕಾಲಿನ ವೃತ್ತ ಓರೆಯಾಗಬಾರದು.

ರಷ್ಯನ್ ಎಂದು ಕರೆಯುವ ಗುಂಪಿನ ಚಲನೆಯಲ್ಲಿ ಮುಖದ ದಿಕ್ಕೂ ಬದಲಾಗುತ್ತದೆ. ಹೊಟ್ಟೆ ಕೆಳಗೆ, ಎರಡು ಕೈಗಳು ಹತ್ತಿರ ಹತ್ತಿರ, ಇಡೀ ದೇಹ ಗಡಿಯಾರದ ಮುಳ್ಳಿನ ಹಾಗೆ ಕೈಗಳ ಸುತ್ತ ತಿರುಗುತ್ತದೆ. ಡಿಗ್ರಿ ಹೆಚ್ಚಾದಂತೆ ಬೆಲೆ ಹೆಚ್ಚು: 360, 720, 1080. ತುದಿಯ ಚರ್ಮದ ಮೇಲೆ ಮಾಡುವುದಕ್ಕಿಂತ ಒಂದೇ ಹಿಡಿಯ ಮೇಲೆ ಮಾಡುವುದು ಕಷ್ಟ, ಏಕೆಂದರೆ ಎರಡೂ ಅಂಗೈಗಳಿಗೆ ಅಷ್ಟು ಚಿಕ್ಕ ಕಮಾನು ಬಿಟ್ಟರೆ ಬೇರೆ ನೆಲ ಇಲ್ಲ.

ಸ್ಪಿಂಡಲ್ ಎಂದರೆ ಕಾಲುಗಳು ಒಂದು ದಿಕ್ಕಿಗೆ ಸುತ್ತುತ್ತಿರುವಾಗಲೇ ಮೈಯನ್ನು ಎದುರು ದಿಕ್ಕಿಗೆ ತಿರುಗಿಸುತ್ತಾ ಹೋಗುವುದು. ಪೂರ್ತಿ ಒಂದು ತಿರುವನ್ನು ಎರಡು ಸರ್ಕಲ್‌ಗಳೊಳಗೆ ಮುಗಿಸಬೇಕು. ಅಂಕಣದಲ್ಲಿ ಇದು ಅಷ್ಟೇನೂ ಕಣ್ಣಿಗೆ ಹೊಡೆಯುವುದಿಲ್ಲ, ಆದರೆ ಬಲ್ಲವರು ಇದನ್ನು ಕಂಡು ತಲೆದೂಗುತ್ತಾರೆ. ಫ್ಲೇರ್ ಹಾಗಲ್ಲ. ಕಾಲುಗಳನ್ನು ಅಗಲಕ್ಕೆ ಚಾಚಿ ಬೀಸಣಿಗೆಯಂತೆ ಸುತ್ತುವ ಅದನ್ನು ಯಾರು ಬೇಕಾದರೂ ಗುರುತಿಸಬಹುದು. ಅಮೆರಿಕದ ಕರ್ಟ್ ಥಾಮಸ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಕಾರಣ ಅದಕ್ಕೆ ಥಾಮಸ್ ಫ್ಲೇರ್ ಎಂದೂ ಹೆಸರು. ಟೋಕಿಯೋದಲ್ಲಿ ಬೆಳ್ಳಿ ಗೆದ್ದ ಚೈನೀಸ್ ತೈಪೆಯ (ತೈವಾನ್) ಲೀ ಚಿ-ಕಾಯ್ ಫ್ಲೇರ್‌ಗಳನ್ನೇ ನೆಚ್ಚಿ ತಮ್ಮ ಪ್ರದರ್ಶನ ಕಟ್ಟಿದ್ದರು. ಇಂದು ನೋಡಲು ಅಷ್ಟು ಚೆಂದದ ಪಾಮೆಲ್ ಹಾರ್ಸ್ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನುಳಿದದ್ದು ಸಿಸರ್ಸ್, ಅಂದರೆ ಕತ್ತರಿ. ಇಲ್ಲಿ ಕಾಲುಗಳು ಜೋಡಿಯಾಗಿರುವುದಿಲ್ಲ. ಒಂದು ಕುದುರೆಯ ಈಚೆ, ಇನ್ನೊಂದು ಆಚೆ. ಮೇಲಕ್ಕೆ ಬೀಸಿ ಜಾಗ ಅದಲುಬದಲು ಮಾಡಿಕೊಳ್ಳಬೇಕು. ಸಾಮಾನ್ಯವಾಗಿ ಪ್ರದರ್ಶನದ ಆರಂಭದಲ್ಲೇ ಇದನ್ನು ಮುಗಿಸಿಬಿಡುತ್ತಾರೆ, ಏಕೆಂದರೆ ಆಮೇಲೆ ಸರ್ಕಲ್‌ನ ಲಯ ಹಿಡಿದ ಮೇಲೆ ಅದನ್ನು ಮುರಿಯಲು ಯಾರಿಗೂ ಇಷ್ಟವಿಲ್ಲ. ಉನ್ನತ ಮಟ್ಟದಲ್ಲಿ ಬರಿಯ ಕತ್ತರಿ ಸಾಲದು. ಅದರ ಬೀಸಿನಲ್ಲೇ ಮೈಯನ್ನು ಕೈಗಳ ಮೇಲೆ ತಲೆಕೆಳಗಾಗಿ ನಿಲ್ಲುವ ಹ್ಯಾಂಡ್‌ಸ್ಟ್ಯಾಂಡ್‌ವರೆಗೆ ಎತ್ತಿ ಇಳಿಸುತ್ತಾರೆ.

ಹ್ಯಾಂಡ್‌ಸ್ಟ್ಯಾಂಡ್ ಎಂದಾಗ ಒಂದು ವಿಷಯ ಗಮನಿಸಬೇಕು. ರಿಂಗ್ಸ್ ಅಥವಾ ಪ್ಯಾರಲಲ್ ಬಾರ್ಸ್‌ನಲ್ಲಿ ಅದನ್ನು ಹಿಡಿದು ನಿಲ್ಲಿಸುವುದುಂಟು. ಇಲ್ಲಿ ನಿಲ್ಲುವಂತಿಲ್ಲ. ತೋಳಿನ ಬಲದಿಂದ ನಿಧಾನವಾಗಿ ಒತ್ತಿ ಮೇಲೇರಿದರೂ ಅಂಕ ಕಡಿತ. ಬೀಸಿನ ವೇಗವೇ ಮೈಯನ್ನು ಮೇಲಕ್ಕೆ ಒಯ್ಯಬೇಕು, ಅದೇ ವೇಗ ಮರಳಿ ಸರ್ಕಲ್‌ಗೆ ಇಳಿಸಬೇಕು. ಇಟಲಿಯ ಆಲ್ಬರ್ಟೊ ಬುಸ್ನಾರಿ ಹೆಸರಿನ ಚಲನೆಯಲ್ಲಿ ಫ್ಲೇರ್‌ನಿಂದ ಹ್ಯಾಂಡ್‌ಸ್ಟ್ಯಾಂಡ್‌ಗೆ ಏರಿ, ತಲೆಕೆಳಗಾಗಿ ತಿರುಗುತ್ತಾ ಕುದುರೆಯ ಉದ್ದಕ್ಕೂ ಸಾಗಿ, ಮತ್ತೆ ಫ್ಲೇರ್‌ಗೆ ಇಳಿಯಬೇಕು. ಪಟ್ಟಿಯ ಅತಿ ಬೆಲೆಬಾಳುವ ಚಲನೆಗಳಲ್ಲಿ ಅದೂ ಒಂದು. ಕೊನೆಗೆ ಇಳಿಯುವ ಡಿಸ್‌ಮೌಂಟ್ ಕೂಡ ಹ್ಯಾಂಡ್‌ಸ್ಟ್ಯಾಂಡ್ ಮೂಲಕವೇ. ಪಲ್ಟಿ ಇಲ್ಲ. ಆದರೆ ಅಷ್ಟು ಹೊತ್ತಿಗೆ ತೋಳುಗಳು ಸೋತಿರುತ್ತವೆ, ಮೈಯನ್ನು ಕೊನೆಯ ಸಲ ಮೇಲೆತ್ತುವುದೇ ದೊಡ್ಡ ಪರೀಕ್ಷೆ.

ಅಂಕದ ಲೆಕ್ಕ

ಪ್ರತಿ ಪ್ರದರ್ಶನಕ್ಕೆ ಎರಡು ಅಂಕಗಳು. ಡಿ ಅಂಕ ಏನು ಮಾಡಿದರು ಎಂಬುದಕ್ಕೆ, ಇ ಅಂಕ ಹೇಗೆ ಮಾಡಿದರು ಎಂಬುದಕ್ಕೆ. ನಮ್ಮ ದೀಪಾ ಕರ್ಮಾಕರ್ 2016ರ ರಿಯೋ ವಾಲ್ಟ್ ಫೈನಲ್‌ನಲ್ಲಿ ಪ್ರೊಡುನೋವಾ ಎಂಬ ಕಠಿಣ ಜಿಗಿತ ಮಾಡಿ 15.066 ಸರಾಸರಿಯೊಂದಿಗೆ ನಾಲ್ಕನೆಯವರಾದಾಗ ದೇಶವೆಲ್ಲ ಕೇಳಿದ ಕಠಿಣತೆಯ ಅಂಕ ಇದೇ ಡಿ ಅಂಕ.

ಪ್ರತಿ ಚಲನೆಗೂ ಒಂದು ದರ್ಜೆ ಇದೆ. ಎ ಎಂದರೆ 0.1, ಬಿ 0.2, ಸಿ 0.3, ಡಿ 0.4, ಇ 0.5, ಹೀಗೆ ಏರುತ್ತಾ ಹೋಗುತ್ತದೆ. ಪ್ಯಾರಿಸ್‌ನಲ್ಲಿದ್ದ ನಿಯಮದಂತೆ ಡಿಸ್‌ಮೌಂಟ್ ಸೇರಿ ಅತ್ಯುತ್ತಮ 10 ಚಲನೆಗಳನ್ನು ಎಣಿಸುತ್ತಿದ್ದರು. ಇದರ ಮೇಲೆ ನಾಲ್ಕು ಗುಂಪುಗಳಿವೆ: ಕತ್ತರಿ ಮತ್ತು ಒಂಟಿಕಾಲಿನ ಬೀಸು, ಸರ್ಕಲ್ ಮತ್ತು ಫ್ಲೇರ್‌ಗಳ ಬಳಗ, ಟ್ರಾವೆಲ್‌ಗಳು, ಡಿಸ್‌ಮೌಂಟ್. ಒಂದೊಂದು ಗುಂಪಿನ ಬೇಡಿಕೆ ಪೂರ್ತಿ ಈಡೇರಿದರೆ 0.5, ಅಂದರೆ ಒಟ್ಟು 2.0. ಈಗ ಮೆಕ್ಲೆನಘನ್ ಅವರ 6.6 ಬಿಡಿಸಿ ನೋಡಿ. 2.0 ಕಳೆದರೆ ಉಳಿದದ್ದು 4.6, ಅದು ಹತ್ತು ಚಲನೆಗಳಿಂದ ಬಂದದ್ದು, ಒಂದಕ್ಕೆ ಸರಾಸರಿ 0.46. ಡಿ ದರ್ಜೆಗಿಂತ ಮೇಲೆ, ಇ ದರ್ಜೆಗಿಂತ ತುಸು ಕೆಳಗೆ. ನಡುವೆ ಒಂದೂ ಸುಲಭದ ಚಲನೆಗೆ ಜಾಗವಿಲ್ಲ ಎಂದಾಯಿತು.

ಇ ಅಂಕ 10ರಿಂದ ಶುರುವಾಗಿ ಇಳಿಯುತ್ತದೆ. ಚಿಕ್ಕ ತಪ್ಪಿಗೆ 0.1, ಮಧ್ಯಮಕ್ಕೆ 0.3, ದೊಡ್ಡದಕ್ಕೆ 0.5, ಬಿದ್ದರೆ 1.0. ತೀರ್ಪುಗಾರರು ಬೇರೆ ಬೇರೆಯಾಗಿ ಕೊಟ್ಟ ಅಂಕಗಳಲ್ಲಿ ತೀರ ಹೆಚ್ಚಿನವು, ತೀರ ಕಡಿಮೆಯವು ಬಿಟ್ಟು ನಡುವಿನವುಗಳ ಸರಾಸರಿ ತೆಗೆದುಕೊಳ್ಳುತ್ತಾರೆ. ತಂಡದವರು ಡಿ ಅಂಕವನ್ನು ಪ್ರಶ್ನಿಸಿ ಮರುಪರಿಶೀಲನೆ ಕೇಳಬಹುದು. ಇ ಅಂಕಕ್ಕೆ ಆ ಅವಕಾಶವಿಲ್ಲ.

ಪ್ಯಾರಿಸ್‌ನ ಪ್ರಶ್ನೆಗೆ ಉತ್ತರ ಈಗ ಸಿಗುತ್ತದೆ. ಕಠಿಣತೆಯಲ್ಲಿ ವಿಟ್ಲಾಕ್ 0.3 ಮುಂದಿದ್ದರು. ಇ ಅಂಕ ಅವರಿಗೆ 8.300, ಮೆಕ್ಲೆನಘನ್‌ಗೆ 8.933. ಅಂದರೆ 0.633 ಹಿಂದೆ. ಚಿಕ್ಕ ತಪ್ಪಿನ ಲೆಕ್ಕದಲ್ಲಿ ಆರೇ ಆರು ತಪ್ಪು. ಹತ್ತು ಚಲನೆ, ಅವುಗಳೊಳಗಿನ ಹತ್ತಾರು ಸುತ್ತು, ಪ್ರತಿ ಸುತ್ತಿಗೂ ಎರಡು ಸಲ ಕೈ ಬದಲಾವಣೆ: ಅಷ್ಟರಲ್ಲಿ ಆರು ಕಡೆ ಸೊಂಟ ಮಡಚಿದರೆ ಅಥವಾ ಮಂಡಿ ಬಿಟ್ಟರೆ ಸಾಕು. ಬೆಳ್ಳಿ ಗೆದ್ದ ಕಜಕಿಸ್ತಾನದ ನರಿಮಾನ್ ಕುರ್ಬಾನೊವ್ (15.433) ಕಠಿಣತೆಯಲ್ಲಿ ಮೆಕ್ಲೆನಘನ್‌ಗಿಂತ ಮುಂದಿದ್ದರು, ಕಂಚು ಗೆದ್ದ ಅಮೆರಿಕದ ಸ್ಟೀಫನ್ ನೆಡರೊಸ್ಚಿಕ್ (15.300) ಹಿಂದಿದ್ದರು. ಇಬ್ಬರನ್ನೂ ಅವರವರ ಜಾಗಕ್ಕೆ ತಂದು ನಿಲ್ಲಿಸಿದ್ದು ಇ ಅಂಕವೇ.

ಇದಕ್ಕಿಂತಲೂ ಮನಮುಟ್ಟುವ ಉದಾಹರಣೆ ಲಂಡನ್ 2012. ಹಂಗೆರಿಯ ಕ್ರಿಸ್ತಿಯಾನ್ ಬೆರ್ಕಿ 16.066. ಆತಿಥೇಯ ಬ್ರಿಟನ್ನಿನ ಲೂಯಿ ಸ್ಮಿತ್ ಕೂಡ 16.066. ಮೂರನೇ ದಶಾಂಶದವರೆಗೂ ಸಮ. ಸಮವಾದಾಗ ಇ ಅಂಕ ಹೆಚ್ಚಿರುವವರಿಗೆ ಚಿನ್ನ ಎಂಬುದು ನಿಯಮ. ಸ್ಮಿತ್ ಅವರದು 7.0 ಮತ್ತು 9.066, ಬೆರ್ಕಿ ಅವರದು 6.9 ಮತ್ತು 9.166. ಹೆಚ್ಚು ಕಷ್ಟದ್ದನ್ನು ಮಾಡಿದ ಸ್ಮಿತ್ ಬೆಳ್ಳಿಗೆ ಇಳಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲೂ ಹೀಗೆಯೇ ಆಯಿತು: ಉತ್ತರ ಐರ್ಲೆಂಡ್ ಪರ ಆಡಿದ ಮೆಕ್ಲೆನಘನ್ ಮತ್ತು ಇಂಗ್ಲೆಂಡಿನ ವಿಟ್ಲಾಕ್ ಇಬ್ಬರೂ 15.100, ಇ ಅಂಕದ ಬಲದಿಂದ ಚಿನ್ನ ಮೆಕ್ಲೆನಘನ್‌ಗೆ. ಹಿಂದಿನ ಕಾಲದಲ್ಲಿ ಚಿನ್ನ ಹಂಚಿಕೊಳ್ಳುತ್ತಿದ್ದರು. 1988ರ ಸೋಲ್‌ನಲ್ಲಿ ಈ ಉಪಕರಣದ ಚಿನ್ನ ಮೂವರ ಪಾಲಾಗಿತ್ತು, 1948ರ ಲಂಡನ್‌ನಲ್ಲೂ ಮೂವರು ಫಿನ್‌ಲೆಂಡಿನವರ ಪಾಲಾಗಿತ್ತು. ಆ ಪದ್ಧತಿಯೇ ಚೆನ್ನಾಗಿತ್ತು ಎನ್ನುವವರಿದ್ದಾರೆ. ನನಗೆ ಈಗಿನದೇ ಸರಿ ಎನಿಸುತ್ತದೆ. ಈ ಉಪಕರಣದ ಜೀವ ಅಚ್ಚುಕಟ್ಟಿನಲ್ಲಿದೆ, ಸಮ ಬಂದಾಗ ಅಚ್ಚುಕಟ್ಟಿಗೇ ಮೇಲುಗೈ ಸಿಗಬೇಕು.

ಬೀಳುವುದು ಹೇಗೆ

ಪಾಮೆಲ್ ಹಾರ್ಸ್‌ನಲ್ಲಿ ಬಿದ್ದವರನ್ನು ಕಂಡಾಗ ಆ ಗಳಿಗೆಯಲ್ಲೇ ಏನೋ ತಪ್ಪಾಯಿತು ಎನಿಸುತ್ತದೆ. ಸಾಮಾನ್ಯವಾಗಿ ತಪ್ಪು ಅದಕ್ಕಿಂತ ಎರಡು ಮೂರು ಸುತ್ತು ಹಿಂದೆ ನಡೆದಿರುತ್ತದೆ.

ಸರಪಳಿ ಹೀಗಿರುತ್ತದೆ. ಒಂದು ಕೈ ಊರುವುದು ಕೂದಲೆಳೆಯಷ್ಟು ತಡವಾಗುತ್ತದೆ, ಅಥವಾ ಹಿಡಿಯ ನಡುವೆ ಬೀಳಬೇಕಾದ ಅಂಗೈ ಅಂಚಿಗೆ ಬೀಳುತ್ತದೆ. ಆ ಕೈ ಮೇಲೆ ಭಾರ ಸರಿಯಾಗಿ ಕೂರದ ಕಾರಣ ಭುಜ ವಾಲಬೇಕಾದಷ್ಟು ವಾಲುವುದಿಲ್ಲ. ಭುಜ ವಾಲದಿದ್ದರೆ ಎದುರು ಕಡೆಯ ಕಾಲುಗಳಿಗೆ ತೂಕದ ಸಮ ಇಲ್ಲ, ಅವು ಕೆಳಗಿಳಿಯುತ್ತವೆ. ಕೆಳಗಿಳಿದ ಕಾಲು ಚರ್ಮಕ್ಕೋ ಹಿಡಿಗೋ ತಾಗುತ್ತದೆ. ತಾಗಿದರೆ ವೇಗ ಹೋಯಿತು. ವೇಗ ಹೋದರೆ ಮುಂದಿನ ಕೈ ಇನ್ನೂ ತಡ. ನೆಲದ ಮೇಲಿನ ವ್ಯಾಯಾಮದಲ್ಲಿ ಒಂದು ಪಲ್ಟಿ ಕೆಟ್ಟರೆ ಅಂಕಣದ ಮೂಲೆಯಲ್ಲಿ ನಿಂತು ಉಸಿರು ಎಳೆದುಕೊಂಡು ಮುಂದಿನದಕ್ಕೆ ಸಿದ್ಧರಾಗಬಹುದು. ಇಲ್ಲಿ ನಿಲ್ಲುವ ಜಾಗವೇ ಇಲ್ಲ, ಪ್ರತಿ ತಪ್ಪೂ ಮುಂದಿನ ಸುತ್ತಿಗೆ ಸಾಲವಾಗಿ ದಾಟುತ್ತದೆ.

ಅನುಭವಿಗಳು ಈ ಸಾಲ ತೀರಿಸಲು ಮುಂದಿನ ಕಷ್ಟದ ಚಲನೆಗೆ ಹೋಗುವ ಮೊದಲು ಒಂದು ಸರಳ ಸರ್ಕಲ್ ಹಾಕಿ ಲಯ ಮರಳಿ ಪಡೆಯುತ್ತಾರೆ. ಅಥವಾ ನಾಲ್ಕು ಕೊಂಡಿಗಳ ಜೋಡಣೆಯನ್ನು ಮೂರಕ್ಕೆ ನಿಲ್ಲಿಸಿ ಕಡಿಮೆ ಬೆಲೆಗೆ ಒಪ್ಪಿಕೊಳ್ಳುತ್ತಾರೆ. ದರ್ಜೆಯೊಂದು ಇಳಿದರೆ ಹೋಗುವುದು 0.1. ಬಿದ್ದರೆ ಹೋಗುವುದು 1.0, ಮೇಲಾಗಿ ಅರ್ಧಕ್ಕೆ ನಿಂತ ಆ ಚಲನೆಗೆ ಬೆಲೆಯೂ ಇಲ್ಲ. ಈ ತೀರ್ಮಾನವನ್ನು ಅವರು ಸುತ್ತುತ್ತಲೇ, ಒಂದು ಸೆಕೆಂಡಿನೊಳಗೆ ಮಾಡಬೇಕು. ಬದಲಿ ದಾರಿಗಳನ್ನು ಮೊದಲೇ ಅಭ್ಯಾಸ ಮಾಡಿಟ್ಟುಕೊಂಡವರಿಗೆ ಮಾತ್ರ ಅದು ಸಾಧ್ಯ.

ಎಷ್ಟು ದೊಡ್ಡ ಆಟಗಾರನಾದರೂ ಇದರಿಂದ ತಪ್ಪಿಸಿಕೊಂಡವರಿಲ್ಲ. ಪ್ಯಾರಿಸ್‌ನ ಚಾಂಪಿಯನ್ ಮೆಕ್ಲೆನಘನ್ ಅದಕ್ಕೆ ಹಿಂದಿನ ಟೋಕಿಯೋ ಫೈನಲ್‌ನಲ್ಲಿ ಪ್ರದರ್ಶನದ ಆರಂಭದಲ್ಲೇ ಬಿದ್ದು, 13.100 ಪಡೆದು ಏಳನೆಯವರಾಗಿದ್ದರು. ಅದಾದ ಮರುವರ್ಷ 2022ರ ಲಿವರ್‌ಪೂಲ್‌ನಲ್ಲಿ, ಮತ್ತೆ 2023ರ ಆಂಟ್ವೆರ್ಪ್‌ನಲ್ಲಿ ವಿಶ್ವ ಚಾಂಪಿಯನ್ ಆದರು.

ಬೀಳದೆಯೂ ಅಂಕ ಸೋರುವ ಜಾಗಗಳು ಬಹಳ. ಕಾಲುಗಳ ನಡುವೆ ಬೆಳಕು ಕಾಣುವಷ್ಟು ಬಿರುಕು. ಪಾದದ ತುದಿ ಚಾಚದಿರುವುದು. ಸೊಂಟದ ಮಡಿಕೆ. ಕುದುರೆಯ ಉದ್ದಕ್ಕೆ ನೇರವಾಗಿರಬೇಕಾದ ಮೈ ಓರೆಯಾಗುವುದು. ಹ್ಯಾಂಡ್‌ಸ್ಟ್ಯಾಂಡ್‌ಗೆ ಏರುವಾಗ ಒಂದು ಗಳಿಗೆ ತಡವರಿಸಿ ತೋಳು ಮಡಚುವುದು. ಇವುಗಳಲ್ಲಿ ಸೊಂಟದ ಮಡಿಕೆ ಅತಿ ದುಬಾರಿ, ಏಕೆಂದರೆ ಅದು ಒಂದು ಸಲದ ತಪ್ಪಲ್ಲ, ಅಭ್ಯಾಸದಲ್ಲೇ ಕೂತ ದೋಷ. ಮೊದಲ ಸರ್ಕಲ್‌ನಲ್ಲಿ ಇದ್ದರೆ ಕೊನೆಯದರಲ್ಲೂ ಇರುತ್ತದೆ, ಪ್ರತಿ ಚಲನೆಯಲ್ಲೂ ಕಡಿತವಾಗುತ್ತಾ ಹೋಗುತ್ತದೆ.

ಬಕೆಟ್‌ನಿಂದ ಕುದುರೆಯವರೆಗೆ

ಮಕ್ಕಳು ಇದನ್ನು ಕುದುರೆಯ ಮೇಲೆ ಕಲಿಯುವುದಿಲ್ಲ. ಮೊದಲ ಹೆಜ್ಜೆ ಬಕೆಟ್. ಚಾವಣಿಯಿಂದ ಹಗ್ಗದಲ್ಲಿ ತೂಗುಬಿಟ್ಟ ಬಕೆಟ್‌ನೊಳಗೆ ಎರಡೂ ಪಾದ ಇಟ್ಟು, ಕೈ ಊರಿ ಸುತ್ತುತ್ತಾರೆ. ಕಾಲಿನ ಭಾರ ಹಗ್ಗದ್ದು, ಕೈ ಬದಲಿಸುವ ಲಯ ಮತ್ತು ನೆಟ್ಟಗಿನ ಮೈ ಮಗುವಿನದು. ಎರಡನೆಯದು ಮಶ್ರೂಮ್: ಅಣಬೆಯಂತೆ ದುಂಡಗಿನ, ತಗ್ಗಾದ ಪೀಠ. ಅದಕ್ಕೆ ಹಿಡಿಯೂ ಇಲ್ಲ, ತುದಿಯೂ ಇಲ್ಲ, ಸುತ್ತಲು ಎಲ್ಲ ದಿಕ್ಕೂ ಒಂದೇ. ಅಲ್ಲಿ ಸರ್ಕಲ್ ಪಳಗಿದ ಮೇಲೆ ಹಿಡಿಯಿಲ್ಲದ ಕುದುರೆ, ಆಮೇಲೆ ಹಿಡಿಯಿರುವ ಕುದುರೆ. ದೊಡ್ಡವರಾದ ಮೇಲೂ ಮಶ್ರೂಮ್ ಬಿಡುವುದಿಲ್ಲ, ಹೊಸ ಸ್ಪಿಂಡಲ್ ಅಥವಾ ರಷ್ಯನ್ ಕಲಿಯಲು ಮತ್ತೆ ಅಲ್ಲಿಗೇ ಹೋಗುತ್ತಾರೆ.

ಇಷ್ಟು ವರ್ಷದ ಅಭ್ಯಾಸದ ಬೆಲೆ ತೆರುವುದು ಮಣಿಕಟ್ಟು. ನಡೆಯಲು ಇರುವ ಕಾಲಿನ ಕೀಲು ಭಾರ ಹೊರಲೆಂದೇ ಇದೆ, ಮಣಿಕಟ್ಟು ಹಾಗಲ್ಲ. ಇಲ್ಲಿ ಅದು ಹಿಂದಕ್ಕೆ ಪೂರ್ತಿ ಬಾಗಿದ ಸ್ಥಿತಿಯಲ್ಲಿ ಇಡೀ ಮೈಯ ಭಾರ ಹೊರಬೇಕು, ಅದೂ ತಿರುಚುತ್ತಾ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಮುಂಗೈ ಮೂಳೆಯ ತುದಿಯಲ್ಲಿರುವ ಬೆಳವಣಿಗೆಯ ಪದರಕ್ಕೇ ಪೆಟ್ಟಾಗಬಹುದು. ನೋವು ಬಂದಾಗ ಪಟ್ಟಿ ಸುತ್ತಿಕೊಂಡು ಮುಂದುವರಿಸುವುದಲ್ಲ, ಕೈ ಮೇಲಿನ ಭಾರದ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಮಗುವನ್ನು ಜಿಮ್ನಾಸ್ಟಿಕ್ಸ್‌ಗೆ ಸೇರಿಸುವ ತಂದೆತಾಯಿ ಇದೊಂದನ್ನು ಮರೆಯಬಾರದು.

ಸ್ಪರ್ಧೆಯ ದಿನದ ಸಿದ್ಧತೆಯಲ್ಲಿ ಚಾಕ್‌ನದೇ ದೊಡ್ಡ ಕೆಲಸ. ಮೆಗ್ನೀಸಿಯಂ ಕಾರ್ಬೊನೇಟ್‌ನ ಬಿಳಿ ಪುಡಿ ಬೆವರು ಹೀರುತ್ತದೆ. ಹಿಡಿಗೆ ಎಷ್ಟು ಉಜ್ಜಬೇಕು, ಚರ್ಮಕ್ಕೆ ಎಷ್ಟು ಎಂಬುದು ಒಬ್ಬೊಬ್ಬರಿಗೆ ಒಂದೊಂದು ಹದ. ಕಡಿಮೆಯಾದರೆ ಬೆವರಿಗೆ ಕೈ ಜಾರುತ್ತದೆ. ಹೆಚ್ಚಾದರೆ ಪುಡಿಯ ಪದರದ ಮೇಲೆಯೇ ಜಾರುತ್ತದೆ, ಅಥವಾ ರಷ್ಯನ್ ಮಾಡುವಾಗ ತಿರುಗಬೇಕಾದ ಅಂಗೈ ಕಚ್ಚಿಕೊಂಡು ಬಿಡುತ್ತದೆ. ಹಿಂದಿನ ಆಟಗಾರ ಬಿಟ್ಟುಹೋದ ಪದರವನ್ನು ಒರೆಸಿ, ತಮ್ಮ ಹದಕ್ಕೆ ತಂದುಕೊಂಡೇ ಕೈಯಿಡುತ್ತಾರೆ. ಟೋಕಿಯೋದ ಕುದುರೆ ಜಪಾನಿನ ಸೆನೊ ಕಂಪನಿಯದು, ಪ್ಯಾರಿಸ್‌ನದು ಫ್ರಾನ್ಸಿನ ಜಿಮ್‌ನೋವಾದ್ದು. ಅಳತೆ ಒಂದೇ ಆದರೂ ಚರ್ಮದ ಹಿಡಿತ, ಮೆತ್ತೆಯ ಗಡಸು ಬೇರೆ. ಅದಕ್ಕೇ ಸ್ಪರ್ಧೆಗೆ ಮೊದಲು ಅಂಕಣದ ಮೇಲೆಯೇ ಅಭ್ಯಾಸದ ಅವಧಿ ಕೊಡುತ್ತಾರೆ.

ಒಂದೇ ಉಪಕರಣದ ಆಟಗಾರ

ಪ್ಯಾರಿಸ್‌ನ ತಂಡ ಫೈನಲ್‌ನಲ್ಲಿ ಒಂದೊಂದು ಉಪಕರಣಕ್ಕೆ ಐವರಲ್ಲಿ ಮೂವರು ಇಳಿಯಬೇಕು, ಮೂವರ ಅಂಕವೂ ಸೇರುತ್ತದೆ, ಬಿಟ್ಟುಬಿಡುವ ಅಂಕ ಇಲ್ಲ. ಇಂಥ ಪದ್ಧತಿಯಲ್ಲಿ ಪಾಮೆಲ್ ಹಾರ್ಸ್ ತಂಡಗಳನ್ನು ಕೆಡಹುವ ಉಪಕರಣ. ಉಳಿದ ಐದರಲ್ಲಿ ಚೆನ್ನಾಗಿರುವ ಆಟಗಾರನೂ ಇಲ್ಲಿ ತಡಕಾಡಬಹುದು: ಬಲಿಷ್ಠ ಕಾಲು ನೆಲದಲ್ಲಿ, ವಾಲ್ಟ್‌ನಲ್ಲಿ ವರ, ಇಲ್ಲಿ ಹೊರೆ. ಆದ್ದರಿಂದ ಅಮೆರಿಕ ತನ್ನ ಐದರಲ್ಲಿ ಒಂದು ಜಾಗವನ್ನು ಈ ಒಂದೇ ಉಪಕರಣ ಆಡುವ ನೆಡರೊಸ್ಚಿಕ್‌ಗೆ ಕೊಟ್ಟಿತು. 2021ರ ವಿಶ್ವ ಚಾಂಪಿಯನ್ ಅವರು. ತಂಡ ಫೈನಲ್‌ನಲ್ಲಿ ಅಮೆರಿಕದ ಕೊನೆಯ ಉಪಕರಣ ಪಾಮೆಲ್ ಹಾರ್ಸ್, ಅದರಲ್ಲೂ ಕೊನೆಯವರು ಅವರು. ಐದು ಸರದಿ ಕೂತು ಕಾದು, ಕನ್ನಡಕ ತೆಗೆದಿಟ್ಟು ಹತ್ತಿದರು. 14.866 ಬಂತು. 2008ರ ನಂತರ ಅಮೆರಿಕದ ಪುರುಷರ ತಂಡಕ್ಕೆ ಮೊದಲ ಒಲಿಂಪಿಕ್ ಪದಕ ದಕ್ಕಿತು, ಕಂಚು. ದೃಷ್ಟಿ ಮಂದವಿದ್ದೂ ಕನ್ನಡಕವಿಲ್ಲದೆ ಆಡುವುದು ಹೇಗೆ ಎಂದು ಹಲವರು ಬೆರಗಾದರು. ಸಿವಾಡೊ ನೆನಪಿಸಿಕೊಂಡರೆ ಉತ್ತರ ಅಲ್ಲೇ ಇದೆ. ಈ ಉಪಕರಣದಲ್ಲಿ ಹಿಡಿ ಹುಡುಕುವುದು ಕೈ, ಕಣ್ಣಲ್ಲ.

ಉಪಕರಣವೊಂದರ ಫೈನಲ್‌ಗೆ ಅರ್ಹತಾ ಸುತ್ತಿನ ಮೊದಲ ಎಂಟು ಮಂದಿ ಬರುತ್ತಾರೆ, ಒಂದು ದೇಶದಿಂದ ಇಬ್ಬರಿಗಿಂತ ಹೆಚ್ಚಿಲ್ಲ. ಅರ್ಹತೆಯ ಅಂಕ ಫೈನಲ್‌ಗೆ ಬರುವುದಿಲ್ಲ.

2025ರಿಂದ ನಿಯಮ ಬದಲಾಗಿದೆ. ಎಣಿಸುವ ಚಲನೆಗಳು 10ರಿಂದ 8ಕ್ಕೆ ಇಳಿದಿವೆ. ಹಿಂದಿನ ಸರಾಸರಿ 0.46ನ್ನೇ ಇಟ್ಟುಕೊಂಡು ಎಂಟರಿಂದ ಗುಣಿಸಿ, ಗುಂಪುಗಳ 2.0 ಸೇರಿಸಿದರೆ ಬರುವುದು 5.7ರ ಆಸುಪಾಸು. ಆದ್ದರಿಂದ ಈಗ 14ರ ಮೇಲಿನ ಒಟ್ಟು ಅಂಕ ಕಂಡರೆ ಮಟ್ಟ ಕುಸಿಯಿತು ಎಂದುಕೊಳ್ಳಬೇಡಿ, ಅಳೆಯುವ ಕೋಲು ಬದಲಾಗಿದೆ. ಕಠಿಣತೆಯಿಂದ ಗಳಿಸುವ ಅಂಕ ಕುಗ್ಗಿದರೂ ಇ ಅಂಕದ 10 ಹಾಗೆಯೇ ಇದೆ, ತಪ್ಪಿನ ಕಡಿತವೂ ಹಾಗೆಯೇ ಇದೆ. ಒಟ್ಟು ಅಂಕದಲ್ಲಿ ಅಚ್ಚುಕಟ್ಟಿನ ಪಾಲು ಹಿಂದಿಗಿಂತ ದೊಡ್ಡದಾಯಿತು.

ಮುಂದಿನ ಸಲ ಫೈನಲ್ ನೋಡುವಾಗ ಮೊದಲ ನಾಲ್ಕೈದು ಸುತ್ತು ಕಾಲುಗಳ ಮೇಲಿನ ಕಣ್ಣು ತೆಗೆದು ಭುಜಗಳ ಮೇಲಿಡಿ. ಕಾಲು ಮುಂದೆ ಬಂದಾಗಲೆಲ್ಲ ಭುಜ ಹಿಂದಕ್ಕೆ ವಾಲಿ ಸೊಂಟ ಚಾಚಿಕೊಂಡರೆ ಆ ಆಟಗಾರನ ಇ ಅಂಕ ಚೆನ್ನಾಗಿ ಬರುತ್ತದೆ. ಆಮೇಲೆ ಕಿವಿಗೊಡಿ. ಕೈ ಊರುವ ಸದ್ದು ಒಂದೇ ತಾಳದಲ್ಲಿ ಬರುತ್ತಿದ್ದರೆ ಎಲ್ಲ ಸರಿಯಿದೆ. ನಡುವೆ ಒಂದು ಪೆಟ್ಟು ತಡವಾದರೆ ಮುಂದಿನ ಎರಡು ಸುತ್ತುಗಳನ್ನು ಗಮನವಿಟ್ಟು ನೋಡಿ.